65 ಇಂಚಿನ ಟೀವಿಗೆ ತಿರುಗುವ ಸ್ಟ್ಯಾಂಡ್: ಮೊದಲು ಗೋಡೆ ನೋಡಿ

ನಮಸ್ಕಾರ. ಇವತ್ತಿನ ವಿಡಿಯೋದಲ್ಲಿ ಟೀವಿಯ ಮುಂಭಾಗ ಜಾಸ್ತಿ ಕಾಣುವುದಿಲ್ಲ. ಅದರ ಬೆನ್ನ ಹಿಂದೆ ಏನಿದೆ, ಆ ಬೆನ್ನಿನ ಹಿಂದಿರುವ ಗೋಡೆಯೊಳಗೆ ಏನಿದೆ, ಅದನ್ನು ತೋರಿಸುತ್ತೇನೆ.

ನಮ್ಮ ಹಾಲ್ ಎಲ್ ಆಕಾರದ್ದು. ಒಂದು ಕಡೆ ಸೋಫಾ, ತಿರುವಿನಾಚೆ ಊಟದ ಮೇಜು. ಅತ್ತೆ ಕೂರುವುದು ಮೇಜಿನ ಪಕ್ಕದ ದಿವಾನದ ಮೇಲೆ. ಅಲ್ಲಿಂದ ಟೀವಿ ಓರೆಯಾಗಿ ಕಾಣುತ್ತದೆ, ಜೊತೆಗೆ ಬಣ್ಣವೂ ಬೆಳ್ಳಗಾಗುತ್ತದೆ. "ಏನಮ್ಮಾ ಇದು, ಧಾರಾವಾಹೀಲಿ ಎಲ್ಲರೂ ಪೌಡರ್ ಬಳ್ಕೊಂಡಂಗೆ ಕಾಣ್ತಾರೆ" ಅಂದರು. ಅವರು ಹೇಳಿದ್ದು ಸರಿ. ಎಲ್‌ಇಡಿ ಟೀವಿಗಳಲ್ಲಿ ಹೆಚ್ಚಾಗಿ ಎರಡು ಬಗೆಯ ಪ್ಯಾನೆಲ್ ಬರುತ್ತವೆ, ವಿಎ ಮತ್ತು ಐಪಿಎಸ್. ವಿಎ ಮುಂದೆ ನೇರವಾಗಿ ಕೂತರೆ ಕಪ್ಪು ಒಳ್ಳೆ ಕಪ್ಪಾಗಿಯೇ ಕಾಣುತ್ತದೆ. ಪಕ್ಕಕ್ಕೆ ಸರಿದರೆ ಮಂಕು. ನಮ್ಮದು ವಿಎ. ಅತ್ತೆಯನ್ನು ದಿವಾನದಿಂದ ಎಬ್ಬಿಸುವುದಕ್ಕಿಂತ ಟೀವಿಯನ್ನು ಅವರ ಕಡೆ ತಿರುಗಿಸುವುದೇ ಸುಲಭ, ಅಲ್ವಾ?

ಹಾಗಾಗಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋದೆವು. ಗೋಡೆಯಿಂದ ಹೊರಗೆ ಎಳೆದು ಬೇಕಾದ ಕಡೆ ತಿರುಗಿಸುವ ಸ್ಟ್ಯಾಂಡ್ ಬೇಕು ಅಂದರೆ ಅಂಗಡಿಯವರು ಸಾಲಾಗಿ ಡಬ್ಬಿ ತೆಗೆದು ಇಡುತ್ತಾರೆ. ಎಲ್ಲದರ ಮೇಲೂ ದೊಡ್ಡದಾಗಿ ಇಂಚು ಬರೆದಿರುತ್ತದೆ. ಆ ಇಂಚನ್ನು ಸ್ವಲ್ಪ ಪಕ್ಕಕ್ಕಿಡಿ. ಟೀವಿ ಎಷ್ಟು ತಿರುಗುತ್ತದೆ ಅನ್ನುವುದನ್ನು ಅದು ಹೇಳುವುದೇ ಇಲ್ಲ. ಅದನ್ನು ಹೇಳುವುದು ಗೋಡೆಯಿಂದ ಟೀವಿಯನ್ನು ಹೊರಗೆ ಚಾಚುವ ಸ್ಟ್ಯಾಂಡಿನ ತೋಳಿನ ಉದ್ದ.

ಲೆಕ್ಕ ನೋಡಿ. 65 ಇಂಚು ಅನ್ನುವುದು ಮೂಲೆಯಿಂದ ಮೂಲೆಗೆ. ಅಗಲ ಸುಮಾರು 145 ಸೆಂಟಿಮೀಟರ್, ಅರ್ಧ ಅಂದರೆ 72. ಟೀವಿ ತಿರುಗುವಾಗ ಒಂದು ಅಂಚು ಹೊರಗೆ ಬರುತ್ತದೆ, ಇನ್ನೊಂದು ಗೋಡೆ ಕಡೆ ಹೋಗುತ್ತದೆ. ಆ ಅಂಚು ಗೋಡೆಗೆ ತಾಗಿದರೆ ಅಲ್ಲಿಗೆ ಮುಗಿಯಿತು. ಪೂರ್ತಿ 90 ಡಿಗ್ರಿ ತಿರುಗಬೇಕು ಅಂದರೆ ತೋಳು 72 ಸೆಂಟಿಮೀಟರಿಗಿಂತ ಉದ್ದ ಚಾಚಬೇಕು. 50 ಚಾಚಿದರೆ ಸುಮಾರು 43 ಡಿಗ್ರಿ. 40 ಆದರೆ 33ರ ಆಸುಪಾಸು. ಡಬ್ಬಿ ಮೇಲೆ 180 ಡಿಗ್ರಿ ಅಂತ ಹಾಕಿದ್ದರೆ ಅದು ಚಿಕ್ಕ ಟೀವಿಗೆ ನಿಜವಿರಬಹುದು. ನಮ್ಮ ದಿವಾನಕ್ಕೆ 40 ಡಿಗ್ರಿ ಸಾಕಿತ್ತು. ಅದಕ್ಕೇ 50 ಸೆಂಟಿಮೀಟರ್ ತೋಳಿನದ್ದನ್ನು ಆರಿಸಿದೆವು, ಎರಡು ತೋಳು ಇರುವಂಥದ್ದು.

ಇನ್ನೊಂದು ಹೊಂದಬೇಕಾದದ್ದು ಟೀವಿ ಬೆನ್ನಿನ ನಾಲ್ಕು ತೂತು. ಅವುಗಳ ನಡುವಿನ ಅಂತರಕ್ಕೆ ವೆಸಾ ಅಳತೆ ಅನ್ನುತ್ತಾರೆ, ಮಿಲಿಮೀಟರ್‌ನಲ್ಲಿ. 400 ಬೈ 300, 400 ಬೈ 400, ಹೀಗೆ. ಟೇಪ್ ಹಿಡಿದು ಅಳೆದುಕೊಂಡೇ ಅಂಗಡಿಗೆ ಹೋಗಿ.

ಈಗ ತೂಕ. ಕಾಲು ಬಿಚ್ಚಿದ ಮೇಲೆ ಈ ಗಾತ್ರದ ಟೀವಿ ಸಾಮಾನ್ಯವಾಗಿ 15ರಿಂದ 25 ಕೆಜಿ ಇರುತ್ತದೆ. ಗೋಡೆಗೆ ಅಂಟಿದಂತೆ ನೇತುಹಾಕಿದರೆ ಇದೇನೂ ದೊಡ್ಡ ಭಾರವಲ್ಲ. ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ಎಷ್ಟು ದೂರ ಬೇಕಾದರೂ ನಡೆಯಬಹುದು. ಅದೇ ಬಿಂದಿಗೆಯನ್ನು ಕೈ ಚಾಚಿ ಹಿಡಿದು ನೋಡಿ. ಗೋಡೆಗೆ ಆಗುವುದೂ ಅದೇ. 25 ಕೆಜಿ ಟೀವಿ ಗೋಡೆಯಿಂದ 50 ಸೆಂಟಿಮೀಟರ್ ಆಚೆ ಇದೆ, ಸ್ಟ್ಯಾಂಡನ್ನು ಗೋಡೆಗೆ ಬಿಗಿಯುವ ಪ್ಲೇಟಿನಲ್ಲಿ ಮೇಲಿನ ಬೋಲ್ಟಿಗೂ ಕೆಳಗಿನದಕ್ಕೂ 20 ಸೆಂಟಿಮೀಟರ್ ಅಂತರ ಇದೆ ಅಂದುಕೊಳ್ಳಿ. ಮೇಲಿನ ಬೋಲ್ಟುಗಳನ್ನು ಹೊರಗೆಳೆಯುವ ಬಲ 60 ಕೆಜಿ ದಾಟುತ್ತದೆ. ಸ್ಟ್ಯಾಂಡಿನ ಸ್ವಂತ ತೂಕ ಇದರಲ್ಲಿ ಸೇರಿಲ್ಲ. ಮಗು ಬಂದು ಒಮ್ಮೆ ಜಗ್ಗಿದರೆ ಎಷ್ಟಾಗುತ್ತದೆ ಅಂತ ನೀವೇ ಯೋಚಿಸಿ. ಆದ್ದರಿಂದ ಗೋಡೆಯ ಪ್ಲೇಟ್ ಮೇಲಿಂದ ಕೆಳಗೆ ಉದ್ದ ಇದ್ದಷ್ಟೂ ಒಳ್ಳೆಯದು.

ಇನ್ನು ಗೋಡೆ. ಇಂಟರ್ನೆಟ್ಟಿನಲ್ಲಿ ಸಿಗುವ ಬಹಳಷ್ಟು ವಿಡಿಯೋಗಳು ಅಮೆರಿಕದವು. ಅಲ್ಲಿನ ಮನೆಗಳಲ್ಲಿ ಜಿಪ್ಸಮ್ ಹಲಗೆಯ ಹಿಂದೆ 16 ಇಂಚಿಗೊಂದರಂತೆ ಮರದ ಕಂಬ ಇರುತ್ತದೆ. ಅದನ್ನು ಹುಡುಕಿ ಸ್ಕ್ರೂ ಬಿಗಿದರೆ ಆಯಿತು. ನಮ್ಮಲ್ಲಿ ಆ ಕಂಬ ಹುಡುಕುವ ಯಂತ್ರ ತಂದು ಏನೂ ಪ್ರಯೋಜನವಿಲ್ಲ. ನಮಗೆ ಬೇಕಾದದ್ದು ಗೋಡೆ ಯಾವುದರದ್ದು ಅನ್ನುವ ಮಾಹಿತಿ. ಒಂದು ಸಣ್ಣ ತೂತು ಕೊರೆದು ಕೆಳಗೆ ಬೀಳುವ ಪುಡಿ ನೋಡಿ. ಕೆಂಪಗಿದ್ದರೆ ಇಟ್ಟಿಗೆ. ಕರಾವಳಿಯ ಮನೆಯಾದರೆ ಕೆಂಪು ಕಲ್ಲು ಇರಬಹುದು. ಬೂದು ಬಣ್ಣ, ಡ್ರಿಲ್ ಕಷ್ಟಪಟ್ಟು ಹೋಗುತ್ತಿದೆ ಅಂದರೆ ಸಾಲಿಡ್ ಬ್ಲಾಕ್ ಅಥವಾ ಕಾಂಕ್ರೀಟ್. ಇವೆರಡರಲ್ಲಿ ಆಂಕರ್ ಬೋಲ್ಟ್ ಗಟ್ಟಿಯಾಗಿ ಕೂರುತ್ತದೆ. ಇಟ್ಟಿಗೆಯಲ್ಲೂ ಕೂರುತ್ತದೆ, ಆದರೆ ಎರಡು ಇಟ್ಟಿಗೆ ನಡುವಿನ ಸಂದಿಗೆ ಹೊಡೆಯಬೇಡಿ. ಮತ್ತೆ, ಮೊದಲ ಅರ್ಧ ಇಂಚು ಬರೀ ಪ್ಲಾಸ್ಟರ್, ಅದನ್ನು ಲೆಕ್ಕಕ್ಕೇ ತಗೋಬೇಡಿ.

ನಮ್ಮ ಗೋಡೆಯಿಂದ ಬಂದದ್ದು ಬಿಳಿ ಪುಡಿ. ರಂಗೋಲಿ ಹಾಕಬಹುದಿತ್ತು, ಅಷ್ಟು ನುಣುಪು. ಅಂದರೆ ಎಎಸಿ ಬ್ಲಾಕ್. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಇದನ್ನು ತುಂಬಾ ಬಳಸುತ್ತಾರೆ. ಹಗುರ, ಒಳಗೆಲ್ಲ ಗಾಳಿಗುಳ್ಳೆ, ಬಿಸಿಲ ಶಾಖ ಬೇಗ ಒಳಗೆ ಬಿಡುವುದಿಲ್ಲ. ಮನೆ ಕಟ್ಟಲು ಒಳ್ಳೆಯದೇ. ಆದರೆ ಸ್ಟ್ಯಾಂಡ್ ಜೊತೆ ಬರುವ ಆಂಕರ್ ಬೋಲ್ಟ್ ಒಳಗೆ ಅರಳಿ ಹಿಡಿಯುವಂಥದ್ದು. ಎಎಸಿಯಲ್ಲಿ ಅದು ಅರಳುವಾಗ ಸುತ್ತಲಿನ ಬ್ಲಾಕನ್ನೇ ಪುಡಿ ಮಾಡುತ್ತದೆ. ಕೆಮಿಕಲ್ ಆಂಕರ್ ಹಾಕುವ ದಾರಿ ಇದೆ. ತೂತಿನ ಪುಡಿಯನ್ನು ಪೂರ್ತಿ ಊದಿ ತೆಗೆದು, ಅಂಟು ತುಂಬಿ, ರಾಡ್ ಇಟ್ಟು, ಗಟ್ಟಿಯಾಗುವವರೆಗೆ ಮುಟ್ಟದೆ ಬಿಡಬೇಕು. ತೋಳು ಚಾಚದ ಸಾದಾ ಸ್ಟ್ಯಾಂಡ್ ಆಗಿದ್ದರೆ ನಾನೂ ಅದನ್ನೇ ಮಾಡಿಸುತ್ತಿದ್ದೆ.

ಆದರೆ ನಮಗೆ ಒಂದು ಅನುಕೂಲ ಇತ್ತು. ಆ ಗೋಡೆಯ ಆಚೆ ನಮ್ಮದೇ ಬೆಡ್‌ರೂಮಿನ ವಾರ್ಡ್‌ರೋಬ್. ಹಾಗಾಗಿ ಗೋಡೆಯನ್ನು ಪೂರ್ತಿ ತೂರಿಸಿಬಿಟ್ಟೆವು. ವೆಲ್ಡಿಂಗ್ ಶಾಪಿನಲ್ಲಿ 6 ಮಿಲಿಮೀಟರ್ ದಪ್ಪದ ಕಬ್ಬಿಣದ ಪ್ಲೇಟ್ ಕತ್ತರಿಸಿ, ಸ್ಟ್ಯಾಂಡಿನ ತೂತಿಗೆ ಸರಿಯಾಗಿ ನಾಲ್ಕು ತೂತು ಹಾಕಿಸಿದೆ. 10 ಮಿಲಿಮೀಟರ್ ಥ್ರೆಡ್ ರಾಡ್ ಗೋಡೆ ದಾಟಿ ಆಚೆ ಹೋಗುತ್ತದೆ, ಹಿಂದೆ ಪ್ಲೇಟ್, ಅದರ ಮೇಲೆ ವಾಷರ್ ಮತ್ತು ನಟ್. ಈಗ ಎಳೆತ ಒಂದು ಬೋಲ್ಟಿನ ಸುತ್ತ ನಿಲ್ಲದೆ ಇಡೀ ಪ್ಲೇಟಿಗೆ ಹಂಚಿಹೋಗುತ್ತದೆ. ಸೀರೆಗಳ ಹಿಂದೆ ಪ್ಲೇಟ್ ಯಾರಿಗೂ ಕಾಣುವುದಿಲ್ಲ. ಇವರಿಗೆ ಮಾತ್ರ ವಾರ್ಡ್‌ರೋಬ್ ಖಾಲಿ ಮಾಡುವ ಕೆಲಸ ಬಿತ್ತು, ಮುಖ ನೋಡಿ!

ಕೊರೆಯುವ ಮುಂಚೆ ಹಾಲಿಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ ಆಫ್. ಸ್ವಿಚ್ ಬೋರ್ಡಿನ ನೇರ ಮೇಲೆ ಮತ್ತು ಕೆಳಗೆ ಪೈಪಿನಲ್ಲಿ ವೈರ್ ಹೋಗಿರುವ ಸಾಧ್ಯತೆ ಜಾಸ್ತಿ, ಆ ಸಾಲನ್ನು ಬಿಟ್ಟುಬಿಡಿ. ಎಲೆಕ್ಟ್ರಿಷಿಯನ್ ಅಣ್ಣ ಡ್ರಿಲ್ಲನ್ನು ಹ್ಯಾಮರ್‌ಗೆ, ಅಂದರೆ ಬಡಿಯುತ್ತಾ ಕೊರೆಯುವ ಮೋಡ್‌ಗೆ ಹಾಕಲು ಹೋದರು. "ಬೇಡ ಅಣ್ಣ, ಸುಮ್ನೆ ತಿರುಗಿದರೆ ಸಾಕು, ಇದು ಮೆತ್ತಗಿದೆ" ಅಂದೆ. ಬಿಟ್ ಆಚೆ ಹೊರಬರುವ ಹೊತ್ತಿಗೆ ಅಲ್ಲೊಂದು ಹಲಗೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಪ್ಲಾಸ್ಟರ್ ಚಕ್ಕೆ ಏಳುತ್ತದೆ. ನಟ್ ಬಿಗಿಯುವಾಗಲೂ ಅಷ್ಟೇ, ಗಟ್ಟಿಯಾಗಿ ಕೂತಿತು ಅನ್ನಿಸಿದ ತಕ್ಷಣ ನಿಲ್ಲಿಸಿ. ಇನ್ನೂ ಬಿಗಿದರೆ ಬ್ಲಾಕ್ ನಲುಗುತ್ತದೆ.

ಎತ್ತರದ ವಿಷಯಕ್ಕೆ ಮನೆಯಲ್ಲಿ ಚರ್ಚೆ ಆಯಿತು. ನಮ್ಮವರಿಗೆ ಟೀವಿಯನ್ನು ದೇವರ ಪಟದ ಎತ್ತರಕ್ಕೆ ಹಾಕುವ ಅಭ್ಯಾಸ. ಸೋಫಾದಲ್ಲಿ ಕೂತಾಗ ಕಣ್ಣು ನೆಲದಿಂದ 40, 42 ಇಂಚು ಮೇಲಿರುತ್ತದೆ. ಟೀವಿಯ ನಡುಭಾಗ ಅಲ್ಲಿಗೆ ಬರಬೇಕು. ಆದರೆ ಬೆನ್ನಿನ ತೂತುಗಳು ಟೀವಿಯ ನಟ್ಟನಡುವೆಯೇ ಇರುತ್ತವೆ ಅಂತಿಲ್ಲ, ಕೆಲವದರಲ್ಲಿ ಕೆಳಗಿರುತ್ತವೆ. ಅದನ್ನು ಅಳೆದೇ ಗೋಡೆಯಲ್ಲಿ ಗುರುತು ಹಾಕಿದೆವು, ರಸಮಟ್ಟ ಇಟ್ಟು.

ಟೀವಿಗೆ ಹಾಕುವ ಸ್ಕ್ರೂಗಳನ್ನು ಕೈಯಲ್ಲೇ ತಿರುಗಿಸಿ. ಉದ್ದ ಜಾಸ್ತಿಯಾದರೆ ಒಳಗಿನ ಬೋರ್ಡಿಗೆ ಚುಚ್ಚುತ್ತದೆ. ಎತ್ತಿ ಕೂರಿಸಲು ಇಬ್ಬರು ಬೇಕೇ ಬೇಕು, ಅಂಚು ಹಿಡಿಯಿರಿ, ಪರದೆ ಒತ್ತಬೇಡಿ.

ವೈರ್ ಬಗ್ಗೆ ಒಂದು ಮಾತು. ತೋಳು ಚಾಚಿದಾಗ ಎಚ್‌ಡಿಎಂಐ ಕೇಬಲ್ಲೂ ಜೊತೆಗೆ ಬರಬೇಕು. ನಾವು 3 ಮೀಟರಿನದ್ದು ಹಾಕಿ, ಕೀಲಿನ ಹತ್ತಿರ ಸಡಿಲ ಬಿಟ್ಟು ತೋಳಿಗೆ ಕಟ್ಟಿದೆವು. ಮೂರು ಪಿನ್ನಿನ ಪ್ಲಗ್ ಗೋಡೆಯಿಂದ ಸಾಕಷ್ಟು ಹೊರಗೆ ಬರುತ್ತದೆ. ಅದು ತೋಳಿನ ಹಿಂದೆ ಸಿಕ್ಕಿಕೊಂಡರೆ ಟೀವಿ ಪೂರ್ತಿ ಒಳಗೆ ಮಡಚುವುದಿಲ್ಲ. ನಮ್ಮ ಪಾಯಿಂಟನ್ನು ಪಕ್ಕಕ್ಕೆ ಸರಿಸಿದ್ದು ಅದಕ್ಕೇ.

ಬಾಡಿಗೆ ಮನೆಯಲ್ಲಿ ಇರುವವರು ಗೋಡೆ ತೂರಿಸಲು ಹೋಗಬೇಡಿ, ಅಡ್ವಾನ್ಸ್ ವಾಪಸ್ ಬರುವುದಿಲ್ಲ. ಚಕ್ರ ಇರುವ ನೆಲದ ಸ್ಟ್ಯಾಂಡ್ ಸಿಗುತ್ತದೆ, ಅದೇ ವೆಸಾ ತೂತಿಗೆ ಕೂರುತ್ತದೆ. ಅಡಿಭಾಗ ಅಗಲವಾಗಿರಲಿ, ಚಕ್ರಕ್ಕೆ ಲಾಕ್ ಇರಲಿ, ಅಷ್ಟು ನೋಡಿ ತಗೊಳ್ಳಿ.