ಹಳೇ ಟ್ಯಾಂಕಲ್ಲಿ ಹೊಸ ಮೀನು ಯಾಕೆ ಉಳಿಯಲ್ಲ? ಮೊದಲು ಕೆಎಚ್ ನೋಡಿ

[ದೃಶ್ಯ: ಎರಡಡಿ ಟ್ಯಾಂಕ್, ತಿಳಿ ನೀರು. ಹಳೇ ಮೀನುಗಳು ಓಡಾಡ್ತಿವೆ. ತಳದಲ್ಲಿ ಹೊಸ ಟೆಟ್ರಾ ಒಂದು ರೆಕ್ಕೆ ಮುದುರಿಕೊಂಡಿದೆ.]

ನಮಸ್ಕಾರ. ಎರಡು ವರ್ಷದಿಂದ ನಡೀತಿರೋ ಟ್ಯಾಂಕ್. ನೀರು ಕನ್ನಡಿ ಥರ ಇದೆ, ಹಳೇ ಮೀನು ಆರಾಮಾಗಿವೆ. ಆದ್ರೆ ಹೊಸದಾಗಿ ಏನು ತಂದು ಬಿಟ್ರೂ ಎರಡು ದಿನಕ್ಕೆ ಸಾಯುತ್ತೆ. ಇನ್ನು ಕೆಲವರ ಮನೇಲಿ, ಅರ್ಧ ಟ್ಯಾಂಕ್ ಖಾಲಿ ಮಾಡಿ ಹೊಸ ನೀರು ತುಂಬಿದ ರಾತ್ರಿನೇ ಹಳೇ ಮೀನೆಲ್ಲ ಹೋಗಿಬಿಡುತ್ತೆ. ಎರಡಕ್ಕೂ ಬಹಳ ಸಲ ಕಾರಣ ಒಂದೇ, ಕೆಎಚ್ ಖಾಲಿಯಾಗಿರುತ್ತೆ.

ಕೆಎಚ್ ಅಂದ್ರೆ ನೀರಲ್ಲಿ ಕರಗಿರೋ ಬೈಕಾರ್ಬೊನೇಟ್. ಆಮ್ಲ ಹುಟ್ಟಿದಾಗೆಲ್ಲ ಅದನ್ನ ನುಂಗಿ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನೋ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) ಬೀಳದ ಹಾಗೆ ತಡೆಯೋದು ಇದು. ಫಿಲ್ಟರಿನ ಬ್ಯಾಕ್ಟೀರಿಯಾ, ಮೀನಿನ ಗಲೀಜಿಂದ ಬರೋ ಅಮೋನಿಯಾನ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತಲ್ಲ, ಆ ಕೆಲಸದಲ್ಲೇ ಆಮ್ಲ ಹುಟ್ಟೋದು. 1 ಮಿಲಿಗ್ರಾಂ ಅಮೋನಿಯಾ ನೈಟ್ರೋಜನ್‌ಗೆ ಸುಮಾರು 7 ಮಿಲಿಗ್ರಾಂ ಕ್ಷಾರ, ಅಂದ್ರೆ ಈ ಕೆಎಚ್, ಖರ್ಚು. 1 ಡಿಗ್ರಿ ಕೆಎಚ್ ಅಂದ್ರೆ ಲೀಟರಿಗೆ 17.9 ಮಿಲಿಗ್ರಾಂ ಅಷ್ಟೇ (ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ). ನೀರು ಬದಲಾಯಿಸದೆ, ಆವಿಯಾದಷ್ಟು ಮಾತ್ರ ತುಂಬಿಸ್ತಾ ಹೋದ್ರೆ ಇದು ಸದ್ದಿಲ್ಲದೆ ಮುಗಿಯುತ್ತೆ. ಅಡುಗೆಮನೆ ಆರ್‌ಒ ನೀರನ್ನೇ ಹಾಕೋರಿಗೆ ಬಹಳ ಬೇಗ. ಮಲೆನಾಡು, ಕರಾವಳಿ ಬಾವಿ ನೀರು ಮೊದಲೇ ಮೆದು, ಅಲ್ಲೂ ಹುಷಾರು. ಗಡಸು ಬೋರ್‌ವೆಲ್ ನೀರಿನವರಿಗೆ ಈ ತೊಂದರೆ ಕಡಿಮೆ.

[ದೃಶ್ಯ: ಪಿಎಚ್ 6 ಮತ್ತು 8, ಪಕ್ಕಪಕ್ಕದ ಚಿತ್ರ.]

ಪಿಎಚ್ 6.5ರ ಕೆಳಗೆ ಇಳಿದಂತೆ ಬ್ಯಾಕ್ಟೀರಿಯಾ ನಿಧಾನವಾಗುತ್ತೆ, 6ರ ಹತ್ತಿರ ಹೆಚ್ಚುಕಮ್ಮಿ ನಿಂತೇಹೋಗುತ್ತೆ. ಅಮೋನಿಯಾ ಏರುತ್ತೆ, ಆದ್ರೂ ಹಳೇ ಮೀನು ಸಾಯಲ್ಲ. ಯಾಕಂದ್ರೆ ಆಮ್ಲದ ನೀರಲ್ಲಿ ಅದು ಅಮೋನಿಯಂ ರೂಪದಲ್ಲಿರುತ್ತೆ, ಅದರ ವಿಷ ಬಹಳ ಕಡಿಮೆ. ಈ ನೀರಿಗೆ ಹಳೇ ಮೀನು ನಿಧಾನಕ್ಕೆ ಒಗ್ಗಿಕೊಂಡಿರುತ್ತೆ, ಅಂಗಡಿಯ ಬೇರೆ ನೀರಿಂದ ಬಂದ ಹೊಸ ಮೀನಿಗೆ ಒಮ್ಮೆಲೇ ತಡೆಯೋಕಾಗಲ್ಲ. ಟೆಸ್ಟ್ ಕಿಟ್ ಎರಡನ್ನೂ ಸೇರಿಸಿ ತೋರಿಸುತ್ತೆ. 25 ಡಿಗ್ರಿ ನೀರಲ್ಲಿ ಕಿಟ್ 4 ಪಿಪಿಎಂ (ಲೀಟರಿಗೆ 4 ಮಿಲಿಗ್ರಾಂ) ತೋರಿಸಿದ್ರೆ, ಪಿಎಚ್ 6ರಲ್ಲಿ ವಿಷದ ಅಮೋನಿಯಾ ಸುಮಾರು 0.002. ಪಿಎಚ್ 8ಕ್ಕೆ ಏರಿದ್ರೆ 0.2, ಅಂದ್ರೆ ನೂರು ಪಟ್ಟು. 0.05 ದಾಟಿದ್ರೇನೇ ಕಿವಿರಿಗೆ ಪೆಟ್ಟು. ಅರ್ಧ ಟ್ಯಾಂಕ್ ಖಾಲಿ ಮಾಡಿ ಬೋರ್‌ವೆಲ್ ನೀರು ಸುರಿದಾಗ ಆಗೋದು ಇದೇ. ಅದಕ್ಕೇ ಗಾಬರಿಯಲ್ಲಿ ಒಂದೇ ಸಲ ಅಷ್ಟೊಂದು ನೀರು ಬದಲಾಯಿಸಬೇಡಿ, ದಯವಿಟ್ಟು.

ಹಾಗಾದ್ರೆ ಏನು ಮಾಡೋದು? ಮೊದಲು ಟ್ಯಾಂಕ್ ನೀರು, ನಲ್ಲಿ ನೀರು ಎರಡನ್ನೂ ಟೆಸ್ಟ್ ಮಾಡಿ: ಕೆಎಚ್, ಪಿಎಚ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್. ನಲ್ಲಿ ನೀರನ್ನ ಒಂದು ಲೋಟದಲ್ಲಿ ಒಂದು ದಿನ ಇಟ್ಟು ಆಮೇಲೆ ಪಿಎಚ್ ನೋಡಿ. ಬೋರ್‌ವೆಲ್ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇದ್ರೆ, ಹಿಡಿದ ತಕ್ಷಣ ಪಿಎಚ್ ಕಡಿಮೆ ತೋರಿಸುತ್ತೆ. ಟಿಡಿಎಸ್ ಪೆನ್ (ನೀರಲ್ಲಿ ಕರಗಿರೋದನ್ನೆಲ್ಲ ಒಟ್ಟಾಗಿ ಅಳೆಯೋದು) ಒಂದೇ ಇಟ್ಕೊಂಡು ನೀರು ಚೆನ್ನಾಗಿದೆ ಅನ್ನಬೇಡಿ, ಅದು ಅಮೋನಿಯಾ ಎಷ್ಟಿದೆ ಅಂತ ಹೇಳಲ್ಲ.

ಟ್ಯಾಂಕಲ್ಲಿ ಕೆಎಚ್ 0 ಅಥವಾ 1, ಪಿಎಚ್ 6ರ ಆಸುಪಾಸು, ಅಮೋನಿಯಾ 1ಕ್ಕಿಂತ ಜಾಸ್ತಿ ಬಂತಾ? ಆಹಾರ ನಿಲ್ಲಿಸಿ, ಏರ್ ಪಂಪ್ ಹಾಕಿ. ಪಿಎಚ್ ಏರಿಸೋಕೆ ಮುಂಚೆ ಅಮೋನಿಯಾ ಇಳಿಸಬೇಕು, ಈ ಕ್ರಮ ತಪ್ಪಬಾರದು. ಒಂದು ಪಾಲು ನಲ್ಲಿ ನೀರಿಗೆ ನಾಲ್ಕು ಪಾಲು ಆರ್‌ಒ ನೀರು ಬೆರೆಸಿ, ಆಂಟಿ ಕ್ಲೋರಿನ್ ಹಾಕಿ, ದಿನಕ್ಕೆ 20% ಬದಲಾಯಿಸಿ. ಸಣ್ಣ ಪೈಪಲ್ಲಿ ಒಂದು ಗಂಟೆ ಹೊತ್ತು ನಿಧಾನಕ್ಕೆ ಇಳಿಯಲಿ. ಮೂರು ದಿನಕ್ಕೆ ಅಮೋನಿಯಾ ಅರ್ಧದ ಹತ್ತಿರ ಬರುತ್ತೆ. 0.5ಕ್ಕಿಂತ ಕೆಳಗೆ ಬರೋವರೆಗೂ ಹೀಗೇ ಮಾಡಿ.

[ದೃಶ್ಯ: ಗ್ರಾಂ ತಕ್ಕಡಿ ಮೇಲೆ ಅಡುಗೆ ಸೋಡಾ.]

ಆಮೇಲೆ ನಲ್ಲಿ ನೀರು, ದಿನಕ್ಕೆ 10%. ಕೆಎಚ್ 4ಕ್ಕೆ ಬಂದ್ರೆ ಸಾಕು. ನಲ್ಲಿ ನೀರೇ ಮೆದುವಾಗಿದ್ರೆ ಅಡುಗೆ ಸೋಡಾ: 100 ಲೀಟರಿಗೆ 3 ಗ್ರಾಂ ಹಾಕಿದ್ರೆ ಕೆಎಚ್ 1 ಡಿಗ್ರಿ ಏರುತ್ತೆ. ಬೇಕಿಂಗ್ ಪೌಡರ್ ಅಲ್ಲ, ಸೋಡಾನೇ ಆಗಬೇಕು. ಬಕೆಟ್ ನೀರಲ್ಲಿ ಕರಗಿಸಿ ಹಾಕಿ, ದಿನಕ್ಕೆ 1 ಡಿಗ್ರಿಗಿಂತ ಜಾಸ್ತಿ ಬೇಡ. ಟ್ಯಾಂಕ್ ಎಷ್ಟು ಲೀಟರ್ ಗೊತ್ತಿಲ್ವಾ? ಉದ್ದ, ಅಗಲ, ಎತ್ತರ ಅಡಿಯಲ್ಲಿ ಅಳೆದು ಗುಣಿಸಿ, ಬಂದಿದ್ದನ್ನ 28ರಿಂದ ಗುಣಿಸಿ. 2, 1, 1 ಅಡಿ ಇದ್ರೆ 56 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದ್ರೆ ಸುಮಾರು 48.

ಬ್ಯಾಕ್ಟೀರಿಯಾ ಚೇತರಿಸಿಕೊಳ್ಳುವಾಗ ನಡುವೆ ನೈಟ್ರೈಟ್ ಕಾಣಿಸಬಹುದು. 100 ಲೀಟರಿಗೆ 10 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್, ನೈಟ್ರೈಟ್ ಕಿವಿರೊಳಗೆ ಹೋಗದ ಹಾಗೆ ತಡೆಯುತ್ತೆ.

ಇನ್ನು ಮುಂದೆ ವಾರಕ್ಕೆ ಎಷ್ಟು ನೀರು ಬದಲಾಯಿಸಬೇಕು? 10% ಸಾಕು ಅಂತಾರೆ. ನಾವು ಒಪ್ಪಲ್ಲ. ನಿಮ್ಮ ಮೀನು ವಾರಕ್ಕೆ 20 ಪಿಪಿಎಂ ನೈಟ್ರೇಟ್ ಹುಟ್ಟಿಸುತ್ತೆ ಅಂದ್ಕೊಳ್ಳಿ. ವಾರಕ್ಕೆ 10% ತೆಗೆದ್ರೆ ಅದು ಏರ್ತಾ ಏರ್ತಾ 200ರ ಹತ್ತಿರ ಹೋಗಿ ನಿಲ್ಲುತ್ತೆ. 25% ತೆಗೆದ್ರೆ 80. ಅರ್ಧ ತೆಗೆದ್ರೆ 40. ನೀರು ಸರಿಹೋದ ಮೇಲೆ ವಾರಕ್ಕೆ 30ರಿಂದ 50% ಇರಲಿ. ನೈಟ್ರೇಟ್ ಕಿಟ್‌ನ ಎರಡನೇ ಬಾಟಲಿಯನ್ನ 30 ಸೆಕೆಂಡ್ ಜೋರಾಗಿ ಅಲ್ಲಾಡಿಸಿ. ಪುಡಿ ತಳದಲ್ಲೇ ಉಳಿದ್ರೆ ಇರೋದಕ್ಕಿಂತ ಕಡಿಮೆ ತೋರಿಸುತ್ತೆ.

ಫಿಲ್ಟರ್ ಸ್ಪಾಂಜನ್ನ ನಲ್ಲಿ ಕೆಳಗೆ ತೊಳೀಬೇಡಿ, ಟ್ಯಾಂಕಿಂದ ತೆಗೆದ ನೀರಲ್ಲೇ ಹಿಂಡಿ. ಕರೆಂಟ್ ಹೋಗಿ ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕ್ ಹೊರಗಿಡೋ ಮುಚ್ಚಿದ ಡಬ್ಬಿಯ ಫಿಲ್ಟರ್) ಐದಾರು ಗಂಟೆ ನಿಂತಿದ್ರೆ, ಹಾಗೇ ಸ್ವಿಚ್ ಹಾಕಬೇಡಿ. ಒಳಗೆ ಆಮ್ಲಜನಕ ಮುಗಿದು ನೀರು ಕೊಳೆತಿರುತ್ತೆ. ತೆರೆದು ಆ ನೀರು ಚೆಲ್ಲಿ, ಮೀಡಿಯಾನ (ಬ್ಯಾಕ್ಟೀರಿಯಾ ಕೂತಿರೋ ಸ್ಪಾಂಜ್, ರಿಂಗ್‌ಗಳು) ಟ್ಯಾಂಕ್ ನೀರಲ್ಲಿ ಜಾಲಿಸಿ, ಆಮೇಲೆ ಆನ್ ಮಾಡಿ. ಹೊಸ ಮೀನು? ಅಮೋನಿಯಾ, ನೈಟ್ರೈಟ್ ಎರಡೂ ಎರಡು ವಾರ ಸೊನ್ನೆಯಲ್ಲೇ ನಿಂತ ಮೇಲೆ ತನ್ನಿ.