ಸಣ್ಣ ಡೀಸೆಲ್ ಕಾರಿನ ಎಳೆತ

ಕೇಳುಗರೆಲ್ಲರಿಗೂ ನಮಸ್ಕಾರ. ಮಲೆನಾಡಿನಲ್ಲೋ ಕರಾವಳಿಯಲ್ಲೋ ತೋಟದ ಮನೆ ಮಾಡಿಕೊಂಡು, ಆಗಾಗ ಘಾಟಿ ಹತ್ತಿ ಇಳಿಯುವ, ಹೊಸ ಕಾರಿನ ಬೆಲೆ ಕೇಳಿ ಹಿಂದೆ ಸರಿದು, ಒಂದು ಒಳ್ಳೆಯ ಹಳೆಯ ಡೀಸೆಲ್ ಕಾರು ಸಿಕ್ಕಿದರೆ ಸಾಕು ಎಂದುಕೊಂಡಿರುವ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಈ ಹೊತ್ತು ಮಾತನಾಡುತ್ತಿದ್ದೇನೆ. ಪಾಲಿಟೆಕ್ನಿಕ್ಕಿನಲ್ಲಿ ಬಹುಕಾಲ ವಾಹನಗಳ ಎಂಜಿನ್ ಬಗ್ಗೆ ಪಾಠ ಹೇಳಿದವನಾದ್ದರಿಂದ, ಯಾವ ಕಾರು ತೆಗೆದುಕೊಳ್ಳಲಿ ಎಂದು ಕೇಳಿಕೊಂಡು ಬರುವವರು ನನಗೆ ಹೊಸಬರಲ್ಲ. ಅವರ ಪೈಕಿ ಹೆಚ್ಚಿನವರು ತಪ್ಪು ಅಂಕಿಯನ್ನು ಹಿಡಿದುಕೊಂಡು ಬರುತ್ತಾರೆ ಎಂಬುದೇ ನನ್ನ ಇಂದಿನ ಮಾತಿಗೆ ಕಾರಣ.

ಉದಾಹರಣೆಗೆ ಒಂದೇ ಕಾರನ್ನು ತೆಗೆದುಕೊಳ್ಳುತ್ತೇನೆ. ಅದು ನಮ್ಮ ಬಿಡದಿಯ ಕಾರ್ಖಾನೆಯಲ್ಲಿ ತಯಾರಾದ ಟೊಯೊಟಾ ಇಟಿಯೋಸ್ ಕ್ರಾಸ್. 2014ರ ಮೇ ತಿಂಗಳಲ್ಲಿ ಮಾರಾಟಕ್ಕೆ ಬಂದ ಈ ಕಾರು, ಹೊಗೆಯ ಹೊಸ ನಿಯಮವಾದ ಬಿಎಸ್ 6 ಜಾರಿಯಾದ 2020ರಲ್ಲಿ ನಿಂತುಹೋಯಿತು. ಇಂದು ಇದು ಸಿಗುವುದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಮಾತ್ರ. ಅದರ ಡೀಸೆಲ್ ಎಂಜಿನ್ 1364 ಸಿಸಿಯದು, ನಾಲ್ಕು ಸಿಲಿಂಡರಿನದು, ಅದರ ಶಕ್ತಿ 3800 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 3800 ಸುತ್ತು ತಿರುಗುವಾಗ, 68 ಅಶ್ವಶಕ್ತಿ. ಈ 68 ಎಂಬ ಅಂಕಿಯನ್ನು ಕಂಡ ಕೂಡಲೇ ಜನ ಮೂಗು ಮುರಿಯುತ್ತಾರೆ. ಇದೇ ಕಾರಿನ 1.2 ಲೀಟರಿನ ಪೆಟ್ರೋಲ್ ಎಂಜಿನ್ 80 ಅಶ್ವಶಕ್ತಿ ಕೊಡುವಾಗ, ಡೀಸೆಲ್ ತೆಗೆದುಕೊಂಡು ಬಡವಾಗುವುದೇಕೆ ಎಂದು ಕೇಳುತ್ತಾರೆ.

ದಯವಿಟ್ಟು ಇನ್ನೊಂದು ಅಂಕಿಯನ್ನು ನೋಡಿ. ಎಂಜಿನ್ ಒಳಗಿನ ದಂಡವನ್ನು ತಿರುಗಿಸುವ ಬಲಕ್ಕೆ ಟಾರ್ಕ್ ಎನ್ನುತ್ತಾರೆ, ನಮ್ಮ ಚಾಲಕರು ಅದನ್ನೇ ಎಳೆತ ಎನ್ನುತ್ತಾರೆ. ಆ ಪೆಟ್ರೋಲ್ ಎಂಜಿನ್ನಿನ ಎಳೆತ 104 ನ್ಯೂಟನ್ ಮೀಟರ್, ಅದೂ 3100 ಆರ್‌ಪಿಎಂ ಮುಟ್ಟಿದ ಮೇಲೆ. ಡೀಸೆಲ್ ಎಂಜಿನ್ನಿನದು 170, ಅದು 1800ರಿಂದ 2400ರ ನಡುವೆಯೇ ಪೂರ್ತಿಯಾಗಿ ಸಿಗುತ್ತದೆ. ಬಾವಿಕಟ್ಟೆಯ ಬಳಿ ನಿಂತು ನೀರು ಸೇದುವವರನ್ನು ನೆನೆಸಿಕೊಳ್ಳಿ. ಒಂದು ಗಂಟೆಯಲ್ಲಿ ಒಟ್ಟು ಎಷ್ಟು ನೀರು ಮೇಲೆ ಬಂತು ಎಂಬುದು ಅಶ್ವಶಕ್ತಿಯ ಲೆಕ್ಕ, ಒಂದು ಸಲಕ್ಕೆ ಎಷ್ಟು ಭಾರದ ಕೊಡವನ್ನು ಎಳೆಯುವ ಬಲ ತೋಳಿನಲ್ಲಿದೆ ಎಂಬುದು ಟಾರ್ಕಿನ ಲೆಕ್ಕ. ಸಣ್ಣ ಕೊಡದಲ್ಲಿ ಬೇಗಬೇಗ ಸೇದಿದರೂ ನೀರು ತುಂಬುತ್ತದೆ, ಆದರೆ ಸೇದುವವರು ಏದುಸಿರು ಬಿಡುತ್ತಾರೆ. ಲೆಕ್ಕ ಹಾಕಿ ನೋಡಿದರೆ, ಡೀಸೆಲ್ ಎಂಜಿನ್ 2000 ಆರ್‌ಪಿಎಂನಲ್ಲಿ ನಿರಾಳವಾಗಿ ತಿರುಗುತ್ತಿರುವಾಗಲೇ ಸುಮಾರು 48 ಅಶ್ವಶಕ್ತಿಯನ್ನು ಕೊಡುತ್ತಿರುತ್ತದೆ, ಪೆಟ್ರೋಲ್ ಎಂಜಿನ್ 3100ಕ್ಕೆ ಏರಿ ಸದ್ದು ಮಾಡಿದರೂ ಕೊಡುವುದು ಸುಮಾರು 46. ಏರಿನಲ್ಲಿ, ಮನೆಮಂದಿಯೆಲ್ಲ ಕೂತಿರುವಾಗ, ನಿಮಗೆ ಬೇಕಾಗುವುದು ಎಳೆತ. ಅಶ್ವಶಕ್ತಿಯನ್ನಲ್ಲ, ಎಳೆತವನ್ನು ನೋಡಿ.

ಈ ಎಳೆತ ಬರುವುದು ಎರಡು ಕಡೆಯಿಂದ. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಅದು ಬರಿಯ ಗಾಳಿಯನ್ನು ಬಲವಾಗಿ ಒತ್ತಿ ಕಾಯಿಸಿ, ಆ ಕಾದ ಗಾಳಿಗೆ ಡೀಸೆಲನ್ನು ಸಿಂಪಡಿಸಿ ಉರಿಸುತ್ತದೆ. ಇದರ ಜೊತೆಗೆ, ಹೊರಗೆ ಹೋಗುವ ಹೊಗೆಯ ರಭಸದಿಂದಲೇ ತಿರುಗುವ ಟರ್ಬೊ ಎಂಬ ಪುಟ್ಟ ಫ್ಯಾನು ಇನ್ನಷ್ಟು ಗಾಳಿಯನ್ನು ಒಳಗೆ ತುರುಕುತ್ತದೆ. ಹೊಗೆಯ ರಭಸ ಕಡಿಮೆಯಿದ್ದರೆ ಟರ್ಬೊ ತಿರುಗದು, ಟರ್ಬೊ ತಿರುಗದಿದ್ದರೆ ಎಳೆತ ಬಾರದು. 1800 ಎಂಬ ಸಂಖ್ಯೆ ಮುಖ್ಯವಾಗುವುದು ಇದರಿಂದಲೇ. ಅದಕ್ಕಿಂತ ತೀರ ಕೆಳಗೆ ಇಳಿಸಿದರೆ ಈ ಕಾರು ನಿಜವಾಗಿಯೂ ಸಪ್ಪೆ, ಮೇಲಿಟ್ಟುಕೊಂಡರೆ ಇದರ ಗುಣವೇ ಬೇರೆ.

ಇದನ್ನು ಆಗುಂಬೆ ಘಾಟಿಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಸೋದರಳಿಯ ಇದೇ ಕಾರನ್ನು ಹಳೆಯದಾಗಿ ಕೊಂಡ ಹೊಸತು. ಉಡುಪಿಯ ಕಡೆಯಿಂದ ತೀರ್ಥಹಳ್ಳಿಗೆ ಒಂದು ಗೃಹಪ್ರವೇಶಕ್ಕೆ ಹೊರಟಿದ್ದೆವು. ಕಾರಿನಲ್ಲಿ ಐದು ಜನ, ಡಿಕ್ಕಿಯಲ್ಲಿ ಒಂದು ಚೀಲ ತೆಂಗಿನಕಾಯಿ, ಅದರ ಮೇಲೆ ಹಿಂಗಾರ, ಬಾಳೆಗೊನೆ. ಹೆಬ್ರಿ ದಾಟಿ ಸೋಮೇಶ್ವರದವರೆಗೆ ಅವನ ಮುಖದಲ್ಲಿ ಹೊಸ ಕಾರಿನ ಹೆಮ್ಮೆ ಇತ್ತು. ಘಾಟಿ ಶುರುವಾದದ್ದೇ ತಡ, ಮುಂದೆ ಒಂದು ಮಿನಿ ಬಸ್ಸು ಸಿಕ್ಕಿತು. ಆಗುಂಬೆಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಭಾರೀ ವಾಹನಗಳನ್ನು ಅಲ್ಲಿ ಬಿಡುವುದಿಲ್ಲ ಎಂದ ಮೇಲೆ ಆ ತಿರುವುಗಳು ಎಷ್ಟು ಕಿರಿದು ಎಂಬುದನ್ನು ನೀವೇ ಊಹಿಸಿಕೊಳ್ಳಬಹುದು. ಬಸ್ಸು ಪ್ರತಿ ತಿರುವಿನಲ್ಲೂ ನಿಂತಂತೆ ನಿಧಾನವಾಗುತ್ತಿತ್ತು, ಅದರ ಹಿಂದೆ ನಾವೂ ನಿಧಾನವಾಗಬೇಕಾಗಿತ್ತು. ತಿರುವು ಕಳೆದು ಇವನು ಆಕ್ಸಿಲರೇಟರ್ ಒತ್ತಿದರೆ ಕಾರು ನಡುಗುತ್ತಿತ್ತೇ ಹೊರತು ಏಳುತ್ತಿರಲಿಲ್ಲ. ನಾಲ್ಕನೆಯ ತಿರುವಿನ ಹೊತ್ತಿಗೆ ಅವನು ಬೆವರಿ, "ಮಾವ, ಈ ಗಾಡಿಗೆ ದಮ್ಮೇ ಇಲ್ಲ, ಅವನು ನನಗೆ ಟೋಪಿ ಹಾಕಿದ" ಎಂದು ಮಾರಿದವನನ್ನು ಬೈಯತೊಡಗಿದ.

ಇಟಿಯೋಸಿನಲ್ಲಿ ಮೀಟರುಗಳು ಸ್ಟೇರಿಂಗಿನ ಹಿಂದೆ ಇರುವುದಿಲ್ಲ, ಡ್ಯಾಶ್‌ಬೋರ್ಡಿನ ನಡುವೆ ಇರುತ್ತವೆ. ಹಲವರಿಗೆ ಅದು ಸರಿಬರುವುದಿಲ್ಲ, ಆದರೆ ಪಕ್ಕದ ಸೀಟಿನಲ್ಲಿದ್ದ ನನಗೆ ಆವತ್ತು ಅದರಿಂದಲೇ ಅನುಕೂಲವಾಯಿತು. ನಾನು ರಸ್ತೆಯನ್ನು ಬಿಟ್ಟು ಆರ್‌ಪಿಎಂ ಮುಳ್ಳನ್ನು ನೋಡುತ್ತ ಕುಳಿತೆ. ಅವನು ತಿರುವುಗಳನ್ನು ಸೆಕೆಂಡ್ ಗೇರಿನಲ್ಲೇ ಹಾಯುತ್ತಿದ್ದ, ಮುಳ್ಳು ಸಾವಿರದ ಹತ್ತಿರಕ್ಕೆ ಕುಸಿಯುತ್ತಿತ್ತು. ಸ್ವಲ್ಪ ನೇರ ರಸ್ತೆ ಕಂಡ ಕೂಡಲೇ ಥರ್ಡಿಗೆ ಹಾಕುತ್ತಿದ್ದ, ಏರತೊಡಗಿದ್ದ ಮುಳ್ಳು ಮತ್ತೆ ಕೆಳಗಿಳಿಯುತ್ತಿತ್ತು. ಟರ್ಬೊ ತಿರುಗಲು ಒಮ್ಮೆಯೂ ಅವಕಾಶವೇ ಸಿಗುತ್ತಿರಲಿಲ್ಲ. ನಾನು ಅವನಿಗೆ ಹೇಳಿದ್ದು ಎರಡೇ ಮಾತು. ಬಿಗಿಯಾದ ತಿರುವಿಗೆ ಮೊದಲೇ ಫಸ್ಟ್ ಗೇರಿಗೆ ಇಳಿ, ಅದರಲ್ಲಿ ಅವಮಾನವೇನೂ ಇಲ್ಲ. ತಿರುವು ಕಳೆದ ಮೇಲೆ ಸೆಕೆಂಡಿಗೆ ಹಾಕು, ಮುಳ್ಳು ಎರಡು ಸಾವಿರ ದಾಟುವವರೆಗೆ ಅದೇ ಗೇರಿನಲ್ಲಿರು, ಥರ್ಡಿನ ಆಸೆ ಬಿಡು. ಮುಂದಿನ ತಿರುವಿನಲ್ಲಿ ಅಳುಕುತ್ತಲೇ ಹಾಗೆ ಮಾಡಿದ. ಮುಳ್ಳು 1500 ದಾಟಿತು, ಬಾನೆಟ್ಟಿನ ಒಳಗಿನಿಂದ ಟರ್ಬೊವಿನ ಸಣ್ಣ ಸಿಳ್ಳು ಕೇಳಿಸಿತು, 1800ರ ಹತ್ತಿರ ಬಂದಾಗ ಅಷ್ಟೂ ಭಾರ ಹೊತ್ತ ಕಾರು ನಮ್ಮ ಬೆನ್ನನ್ನು ಸೀಟಿಗೆ ಒತ್ತಿ ಮೇಲಕ್ಕೆ ಹೊರಟಿತು. ಹಿಂದೆ ಕುಳಿತಿದ್ದ ನನ್ನ ಅಕ್ಕ, "ಈಗೇನಾಯಿತೋ ಇದಕ್ಕೆ" ಎಂದು ಕೇಳಿದಳು. ಕಾರಿಗೆ ಏನೂ ಆಗಿರಲಿಲ್ಲ, ಅದನ್ನು ಅದರ ಎಳೆತ ಇರುವ ಕಡೆ ಓಡಿಸಿದ್ದೆವು, ಅಷ್ಟೆ. ಅಲ್ಲಿಂದ ಆಗುಂಬೆಯವರೆಗೆ ಮಾರಿದವನ ಸುದ್ದಿ ಬರಲಿಲ್ಲ.

ಈ ಪ್ರಸಂಗವೇ ಹೆಚ್ಚು ಹೊತ್ತು ತೆಗೆದುಕೊಂಡಿತು, ಆದ್ದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಇದೇ 1364 ಸಿಸಿ ಎಂಜಿನ್ ಟೊಯೊಟಾದ ಕೊರೊಲಾ ಆಲ್ಟಿಸ್ ಕಾರಿನಲ್ಲಿ 88 ಅಶ್ವಶಕ್ತಿಯನ್ನೂ 205 ನ್ಯೂಟನ್ ಮೀಟರ್ ಎಳೆತವನ್ನೂ ಕೊಡುತ್ತಿತ್ತು. ಇಟಿಯೋಸಿಗೆ ಬರುವಾಗ ಟರ್ಬೊ ಸರಳವಾಯಿತು, ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಇಲ್ಲವಾಯಿತು. ಇದನ್ನು ಕೊರತೆ ಎನ್ನುವವರೊಂದಿಗೆ ನನಗೆ ಸಹಮತವಿಲ್ಲ. ಬಿಡಿಭಾಗ ಕಡಿಮೆಯಾದಷ್ಟೂ ಕೆಡುವುದು ಕಡಿಮೆ. ಎಂಜಿನ್ನಿನ ಟೈಮಿಂಗಿಗೆ, ಅಂದರೆ ಅದರ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವುದಕ್ಕೆ, ಬೆಲ್ಟಿನ ಬದಲು ಚೈನ್ ಇರುವುದರಿಂದ ನಿಗದಿತ ಕಿಲೋಮೀಟರಿಗೊಮ್ಮೆ ಬೆಲ್ಟ್ ಬದಲಿಸುವ ಖರ್ಚೂ ಇಲ್ಲ. ಮೈಲೇಜ್ ಸರ್ಕಾರಿ ಪರೀಕ್ಷೆಯ ಪ್ರಕಾರ ಲೀಟರಿಗೆ 23.59 ಕಿಲೋಮೀಟರ್, ಟ್ಯಾಂಕು 45 ಲೀಟರಿನದು.

ಇನ್ನು ಕ್ರಾಸ್ ಎಂಬ ಹೆಸರಿನ ವಿಚಾರ. ಇದು ಜೀಪಲ್ಲ, ದಯವಿಟ್ಟು ಹಾಗೆ ಭಾವಿಸಿ ಹೊಳೆಗೆ ಇಳಿಸಬೇಡಿ. ಇಟಿಯೋಸ್ ಲಿವಾ ಎಂಬ ಸಣ್ಣ ಕಾರಿಗೆ ಸುತ್ತಲೂ ಕಪ್ಪು ಪ್ಲಾಸ್ಟಿಕ್ ಪಟ್ಟಿ, ಮೇಲೆ ರೂಫ್ ರೈಲ್, 15 ಇಂಚಿನ ಅಲಾಯ್ ಚಕ್ರ ಸೇರಿಸಿದ್ದಾರೆ. ಎಳೆಯುವುದು ಮುಂದಿನ ಎರಡು ಚಕ್ರಗಳು ಮಾತ್ರ. ನೆಲದಿಂದ ಎತ್ತರ 174 ಮಿಲಿಮೀಟರ್, ನಮ್ಮೂರಿನ ಹಂಪುಗಳಿಗೂ ತೋಟದ ಮಣ್ಣು ರಸ್ತೆಗೂ ಅದು ಸಾಕು. ಅದೇ ಕಾಲದ ಹ್ಯುಂಡೈ ಐ20 ಆ್ಯಕ್ಟಿವ್ 190 ಮಿಲಿಮೀಟರ್ ಎತ್ತರವಿತ್ತು, ಫಿಯೆಟ್ ಅವೆಂಚುರಾ 205. ನಿಮ್ಮ ಮನೆಯ ದಾರಿಯಲ್ಲಿ ಕಲ್ಲು ಎದ್ದಿದ್ದರೆ ಅವೆಂಚುರಾವನ್ನೇ ನೋಡಿ. ಅದರ ಎಳೆತ 209 ನ್ಯೂಟನ್ ಮೀಟರ್, ಐ20 ಆ್ಯಕ್ಟಿವ್‌ನದು 220. ಮೂರನ್ನು ತೂಗುವಾಗಲೂ ನೀವು ಹೋಲಿಸಬೇಕಾದದ್ದು ಎಳೆತವನ್ನು, ಅದು ಎಷ್ಟು ಆರ್‌ಪಿಎಂನಲ್ಲಿ ಸಿಗುತ್ತದೆ ಎಂಬುದನ್ನು. ಪ್ಲಾಸ್ಟಿಕ್ ಪಟ್ಟಿಯನ್ನಲ್ಲ. ಸುರಕ್ಷತೆಯ ಬಗ್ಗೆ ಒಂದೇ ಮಾತು: 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಕಾರನ್ನು ಡಿಕ್ಕಿ ಹೊಡೆಸಿ ನಡೆಸಿದ ಪರೀಕ್ಷೆಯಲ್ಲಿ, ಮುಂದೆ ಎರಡು ಏರ್‌ಬ್ಯಾಗ್ ಇದ್ದ ಇಟಿಯೋಸಿಗೆ ದೊಡ್ಡವರ ರಕ್ಷಣೆಗಾಗಿ ನಾಲ್ಕು ನಕ್ಷತ್ರ ಸಿಕ್ಕಿತ್ತು. ಆದ್ದರಿಂದ ಏರ್‌ಬ್ಯಾಗ್ ಇಲ್ಲದ ಹಳೆಯ ಮಾದರಿ ಅಗ್ಗಕ್ಕೆ ಸಿಕ್ಕರೂ ಬೇಡ.

ಕೊನೆಯದಾಗಿ, ಹಳೆಯ ಕಾರನ್ನು ನೋಡಲು ಹೋದಾಗ ಪೇಂಟ್ ಮತ್ತು ಮ್ಯೂಸಿಕ್ ಸಿಸ್ಟಮ್ ನೋಡುತ್ತ ನಿಲ್ಲಬೇಡಿ. ಒಂದು ಏರು ರಸ್ತೆಗೆ ಒಯ್ಯಿರಿ. ಥರ್ಡ್ ಗೇರಿನಲ್ಲಿ ಮುಳ್ಳನ್ನು 1800ಕ್ಕೆ ತಂದು ಆಕ್ಸಿಲರೇಟರನ್ನು ಪೂರ್ತಿ ಒತ್ತಿರಿ. ಕಾರು ಸರಾಗವಾಗಿ ಮುಂದಕ್ಕೆ ಏಳಬೇಕು, ಹಿಂದೆ ದಟ್ಟ ಕಪ್ಪು ಹೊಗೆಯಾಗಲಿ ನೀಲಿ ಹೊಗೆಯಾಗಲಿ ಬರಬಾರದು. ಮುಳ್ಳು ಮಾತ್ರ ಸರ್ರನೆ ಏರಿ ಕಾರು ಇದ್ದಲ್ಲೇ ಇದ್ದರೆ ಕ್ಲಚ್ ಪ್ಲೇಟ್ ಸವೆದಿದೆ ಎಂದು ತಿಳಿಯಿರಿ, ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ. ಮುಳ್ಳೂ ಏರದೆ, ಎಳೆತವೂ ಬಾರದೆ, ಸಿಳ್ಳು ಕರ್ಕಶವಾಗಿ ಕೇಳಿಸಿದರೆ ತೊಂದರೆ ಟರ್ಬೊದಲ್ಲಿದೆ. ಅಂಥ ಕಾರಿಗೆ ಮುಂಗಡ ಕೊಡಬೇಡಿ. ನೀವು ಕೊಂಡ ಮೇಲೆ, ಘಾಟಿ ಹತ್ತಿ ಬಂದು ನಿಲ್ಲಿಸಿದ ಕೂಡಲೇ ಕೀಲಿ ತಿರುಗಿಸದೆ ಒಂದು ನಿಮಿಷ ಎಂಜಿನ್ ಹಾಗೇ ಓಡಲಿ, ಕಾದ ಟರ್ಬೊವಿಗೆ ಆಯಿಲ್ ಹರಿದು ಅದು ತಣಿಯಲಿ. ನಮಸ್ಕಾರ.