ಮೊದಲು ನೋಡಿ, ಆಮೇಲೆ ಮುಟ್ಟಿ

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರ್ ಸ್ಲೋ ಆಗಿದೆ ಎಂದು ಯಾರಾದರೂ ಹೇಳಿದರೆ ಸಾಕು, ಪಕ್ಕದಲ್ಲಿದ್ದವರ ಸಲಹೆ ತಯಾರಾಗಿರುತ್ತದೆ. ಒಬ್ಬರು ‘ವೈರಸ್ ಬಂದಿರಬೇಕು’ ಅನ್ನುತ್ತಾರೆ. ಇನ್ನೊಬ್ಬರು ‘ಸುಮ್ನೆ ಫಾರ್ಮ್ಯಾಟ್ ಹೊಡೆದುಬಿಡಿ’ ಅನ್ನುತ್ತಾರೆ, ಅಂದರೆ ಎಲ್ಲ ಅಳಿಸಿ ಹೊಸದಾಗಿ ಹಾಕಿ ಅಂತ. ಮೈ ಮುಟ್ಟಿಯೂ ನೋಡದೆ ಔಷಧಿ ಕೊಟ್ಟ ಹಾಗೆ ಅಲ್ವಾ ಇದು?

ಮನೆಯವರ, ಸ್ನೇಹಿತರ ಕಂಪ್ಯೂಟರ್‌ಗಳನ್ನು ರಿಪೇರಿ ಮಾಡಿಕೊಡುತ್ತಾ ನಾನು ಬಹಳ ವರ್ಷ ಕಳೆದಿದ್ದೇನೆ. ಈ ಕೆಲಸಕ್ಕೆ ನೆರವಾಗುವ ಚಿಕ್ಕ ಚಿಕ್ಕ ತಂತ್ರಾಂಶಗಳು ಬೇಕಾದಷ್ಟಿವೆ. ಅವುಗಳಲ್ಲಿ ಎರಡು ಜಾತಿ. ಒಂದು, ಒಳಗೆ ಏನು ನಡೆಯುತ್ತಿದೆ ಎಂದು ತೋರಿಸುವುದು. ಇನ್ನೊಂದು, ‘ಒಂದೇ ಕ್ಲಿಕ್, ಎಲ್ಲ ಸರಿಮಾಡುತ್ತೇನೆ’ ಎನ್ನುವುದು. ನನ್ನ ನಂಬಿಕೆಯೆಲ್ಲ ಮೊದಲನೆಯದರ ಮೇಲೆ. ವಿಂಡೋಸ್ ಬಳಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಅದರ ಬಗ್ಗೆಯೇ ಹೇಳುತ್ತೇನೆ.

ನೋಡುವ ಕೆಲಸಕ್ಕೆ ಮೊದಲ ಸಾಧನ ನಿಮ್ಮ ಕಂಪ್ಯೂಟರ್‌ನಲ್ಲೇ ಇದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಕಾಲಮ್‌ಗಳಿವೆ. ಡಿಸ್ಕ್ ಎಂಬ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಡಿಸ್ಕನ್ನು ಅತಿ ಜಾಸ್ತಿ ಬಳಸುತ್ತಿರುವ ಪ್ರೋಗ್ರಾಂ ಮೇಲಕ್ಕೆ ಬರುತ್ತದೆ. ಎಷ್ಟೋ ಸಲ ಅಲ್ಲಿ ಕಾಣುವುದು ವೈರಸ್ ಅಲ್ಲ, ಹಿನ್ನೆಲೆಯಲ್ಲಿ ನಡೆಯುತ್ತಿರುವ ಅಪ್‌ಡೇಟ್. ಅರ್ಧ ಗಂಟೆ ಬಿಟ್ಟರೆ ತಾನಾಗಿ ಮುಗಿಯುತ್ತದೆ.

ಇಲ್ಲಿ ಉತ್ತರ ಸಿಗದಿದ್ದರೆ ಸಿಸ್‌ಇಂಟರ್ನಲ್ಸ್ ಸಾಧನಗಳಿವೆ. ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಎಂಬ ಇಬ್ಬರು 1996ರಲ್ಲಿ ಇವನ್ನು ಹಂಚಲು ಶುರುಮಾಡಿದರು. 2006ರಲ್ಲಿ ಮೈಕ್ರೋಸಾಫ್ಟ್ ಅವರ ಕಂಪನಿಯನ್ನೇ ಕೊಂಡುಕೊಂಡಿತು. ಈಗಲೂ ಅವು ಮೈಕ್ರೋಸಾಫ್ಟ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಇನ್‌ಸ್ಟಾಲ್ ಮಾಡುವುದೂ ಬೇಡ, ಪೆನ್ ಡ್ರೈವ್‌ನಲ್ಲಿಟ್ಟುಕೊಂಡು ಓಡಿಸಬಹುದು.

ಪೆನ್ ಡ್ರೈವ್ ಎಂದಾಗ ನೆನಪಾಯಿತು. ತೆಗೆಯಲು ಹೋದರೆ ‘ಇದು ಬಳಕೆಯಲ್ಲಿದೆ’ ಎಂದು ಹಟ ಹಿಡಿಯುವುದನ್ನು ನೀವೂ ನೋಡಿರುತ್ತೀರಿ. ಯಾರು ಬಳಸುತ್ತಿದ್ದಾರೆ ಎಂದು ಮಾತ್ರ ಅದು ಹೇಳುವುದಿಲ್ಲ. ಸಿಸ್‌ಇಂಟರ್ನಲ್ಸ್‌ನ ಪ್ರೋಸೆಸ್ ಎಕ್ಸ್‌ಪ್ಲೋರರ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ, ಅಂದರೆ ಪೂರ್ಣ ಅಧಿಕಾರ ಕೊಟ್ಟು, ತೆರೆಯಿರಿ. ಫೈಂಡ್ ಮೆನುವಿಗೆ ಹೋಗಿ ಆ ಡ್ರೈವ್‌ನ ಅಕ್ಷರ, ಉದಾಹರಣೆಗೆ ಇ ಕೋಲನ್ ಎಂದು ಬರೆದು ಹುಡುಕಿ. ಅದರಲ್ಲಿರುವ ಫೈಲನ್ನು ಹಿಡಿದುಕೊಂಡು ಕುಳಿತಿರುವ ಪ್ರೋಗ್ರಾಂನ ಹೆಸರು ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ. ಅದನ್ನು ಮುಚ್ಚಿ, ಡ್ರೈವ್ ತೆಗೆಯಿರಿ.

ಆನ್ ಮಾಡಿದ ಮೇಲೆ ಕಂಪ್ಯೂಟರ್ ಬಹಳ ಹೊತ್ತು ಒದ್ದಾಡುತ್ತಿದ್ದರೆ ಅದೇ ಗುಂಪಿನ ಆಟೋರನ್ಸ್ ನೋಡಿ. ಕಂಪ್ಯೂಟರ್ ಜೊತೆಗೇ ಎದ್ದು ಕೂರುವ ಪ್ರೋಗ್ರಾಂಗಳ ಪಟ್ಟಿ ಅದರಲ್ಲಿದೆ. ಮೊದಲ ಸಲ ನೋಡಿದಾಗ ಆ ಪಟ್ಟಿಯ ಉದ್ದಕ್ಕೆ ಗಾಬರಿಯಾಗುತ್ತದೆ. ಮೈಕ್ರೋಸಾಫ್ಟ್‌ನವೇ ಆದ ಸಾಲುಗಳನ್ನು ಮರೆಮಾಡುವ ಆಯ್ಕೆಯಿದೆ, ಅದನ್ನು ಮೊದಲು ಹಾಕಿಕೊಳ್ಳಿ. ಹಳದಿ ಬಣ್ಣದ ಸಾಲು ಕಂಡರೆ ಅದು ಹೇಳುವ ಫೈಲೇ ಅಲ್ಲಿಲ್ಲ ಎಂದು ಅರ್ಥ. ಬೇಡ ಅನ್ನಿಸಿದ್ದರ ಟಿಕ್ ಮಾತ್ರ ತೆಗೆಯಿರಿ. ದಯವಿಟ್ಟು ಡಿಲೀಟ್ ಮಾಡಬೇಡಿ. ಟಿಕ್ ತೆಗೆದದ್ದು ತಪ್ಪಾಯಿತು ಅಂದರೆ ನಾಳೆ ಮತ್ತೆ ಹಾಕಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ರೀಸ್ಟಾರ್ಟ್ ಮಾಡಿ ನೋಡಿ. ಹತ್ತು ಟಿಕ್ ಒಟ್ಟಿಗೆ ತೆಗೆದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ.

ಇನ್ನು ‘ಎಲ್ಲ ಸರಿಮಾಡುತ್ತೇನೆ’ ಎನ್ನುವವುಗಳ ವಿಚಾರ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಎಂಟುನೂರು ದೋಷ ಸಿಕ್ಕಿದೆ ಎಂದು ಕೆಂಪಕ್ಷರದಲ್ಲಿ ಹೆದರಿಸುತ್ತವೆ. ಅವುಗಳಲ್ಲಿ ಹೆಚ್ಚಿನವು ಹಳೆಯ ಪ್ರೋಗ್ರಾಂಗಳು ಬಿಟ್ಟುಹೋದ ಸಣ್ಣ ಗುರುತುಗಳು. ಇದ್ದರೆ ತೊಂದರೆಯಿಲ್ಲ, ತೆಗೆದರೆ ವೇಗ ಹೆಚ್ಚುವುದಿಲ್ಲ. ಬೇಕಾದದ್ದು ಅಳಿಸಿಹೋದರೆ ಮಾತ್ರ ದೊಡ್ಡ ತಲೆನೋವು. ರಿಜಿಸ್ಟ್ರಿ ಶುಚಿ ಮಾಡುವ ತಂತ್ರಾಂಶಗಳನ್ನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಕೂಡ ಹೇಳಿದೆ.

2017ರಲ್ಲಿ ನಡೆದದ್ದನ್ನೂ ನೆನಪಿಸಬೇಕು. ಕಂಪ್ಯೂಟರ್ ಶುಚಿ ಮಾಡುವ ಸಿಕ್ಲೀನರ್ ಎಂಬ ಬಹಳ ಜನಪ್ರಿಯ ತಂತ್ರಾಂಶದ ಒಂದು ಆವೃತ್ತಿಯೊಳಗೆ ದಾಳಿಕೋರರು ಕಳ್ಳಕೋಡ್ ಸೇರಿಸಿದ್ದರು. ಅದು ಅಧಿಕೃತ ದಾರಿಯಲ್ಲೇ 20 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹೋಯಿತು. ಅಡ್ಮಿನಿಸ್ಟ್ರೇಟರ್ ಅನುಮತಿ ಕೊಟ್ಟ ಪ್ರತಿಯೊಂದು ಪ್ರೋಗ್ರಾಂ ಕೈಯಲ್ಲೂ ಮನೆಯ ಬೀಗದ ಕೈ ಇದೆ. ಅದಕ್ಕೇ ನಾನು ಇಟ್ಟುಕೊಂಡಿರುವ ಸಾಧನಗಳು ಬೆರಳೆಣಿಕೆಯಷ್ಟು.

ಡಿಸ್ಕ್‌ನಲ್ಲಿ ಜಾಗ ಸಾಲದಿದ್ದರೆ, ಯಾವುದು ಜಾಗ ತಿಂದಿದೆ ಎಂದು ತೋರಿಸುವ ವಿನ್‌ಡರ್‌ಸ್ಟ್ಯಾಟ್ ಸಾಕು. ದೊಡ್ಡ ಫೈಲ್ ದೊಡ್ಡ ಚೌಕವಾಗಿ, ಚಿಕ್ಕದು ಚಿಕ್ಕ ಚೌಕವಾಗಿ ಕಾಣುತ್ತದೆ. ವಿಂಡೋಸ್ ಫೋಲ್ಡರ್‌ನೊಳಗಿನ ಚೌಕಗಳಿಗೆ ಕೈ ಹಾಕಬೇಡಿ. ಇನ್ನೊಂದು ಮಾತು, ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಡಿಸ್ಕ್ ಇದ್ದವರು, ಚದುರಿದ ಫೈಲ್ ತುಂಡುಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ತಂತ್ರಾಂಶ ಹುಡುಕುವುದೇ ಬೇಡ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಸಾಧನಕ್ಕೆ ಬರುತ್ತೇನೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಈ ತಂತ್ರಾಂಶ ಅದನ್ನು ಓದಿ ಹೇಳುತ್ತದೆ. ನೀಲಿ ಇದ್ದರೆ ಸದ್ಯಕ್ಕೆ ಸರಿ, ಹಳದಿ ಎಚ್ಚರಿಕೆ, ಕೆಂಪು ಅಪಾಯ.

ಒಮ್ಮೆ ನಮ್ಮಕ್ಕನ ಕಂಪ್ಯೂಟರ್‌ನಲ್ಲಿ ಒಂದು ಫೋಟೋ ತೆರೆಯಲು ಒಂದು ನಿಮಿಷ ಹಿಡಿಯುತ್ತಿತ್ತು. ಫಾರ್ಮ್ಯಾಟ್ ಹೊಡೆಸಬೇಕು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ನಾನು ಇದನ್ನು ತೆರೆದು ನೋಡಿದೆ. ಹಳದಿ. ಸಿ5 ಎಂಬ ಸಾಲಿನಲ್ಲಿ ಕೊನೆಗೆ 18 ಎಂದಿತ್ತು. ಆ ಅಂಕಿ ಹದಿನಾರರ ಎಣಿಕೆಯಲ್ಲಿರುತ್ತದೆ, ನಮ್ಮ ಲೆಕ್ಕದಲ್ಲಿ 24. ಅಂದರೆ 24 ಸೆಕ್ಟರ್‌ಗಳನ್ನು, ತನ್ನದೇ ಚಿಕ್ಕ ಚಿಕ್ಕ ಭಾಗಗಳನ್ನು, ಡಿಸ್ಕ್‌ಗೆ ಓದಲು ಆಗುತ್ತಿಲ್ಲ. ಇಂಥ ಡಿಸ್ಕ್ ಮೇಲೆ ದೋಷ ಹುಡುಕುವ ಚೆಕ್‌ಡಿಸ್ಕ್ ಅಥವಾ ಡಿಫ್ರಾಗ್ ಓಡಿಸಿದರೆ ಏದುಸಿರು ಬಿಡುವವರನ್ನು ಓಡಿಸಿದ ಹಾಗೆ. ಬೇರೇನೂ ಮಾಡದೆ ಮೊದಲು ಫೋಟೋಗಳನ್ನು, ಆಮೇಲೆ ಕಾಗದಪತ್ರಗಳನ್ನು ಇನ್ನೊಂದು ಡಿಸ್ಕ್‌ಗೆ ನಕಲು ಮಾಡಿದೆವು. ರಾತ್ರಿಯಿಡೀ ಹಿಡಿಯಿತು. ಮೂರನೇ ದಿನ ಆನ್ ಮಾಡಿದಾಗ ಟಕ್ ಟಕ್ ಎಂಬ ಸದ್ದು ಬಂತು. ಡಿಸ್ಕ್ ಮತ್ತೆ ಕಾಣಿಸಲೇ ಇಲ್ಲ.

ನೀಲಿ ಬಣ್ಣ ನೋಡಿ ನಿಶ್ಚಿಂತರಾಗುವ ಹಾಗೂ ಇಲ್ಲ. ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಮೊದಲೇ ಕೊಟ್ಟಿರಲಿಲ್ಲ. ಹೀಗಾಗಿ ನಾನು ತಿಂಗಳ ಮೊದಲ ಭಾನುವಾರ ಮುಖ್ಯವಾದ ಫೈಲ್‌ಗಳನ್ನೆಲ್ಲ ಹೊರಗಿನ ಡಿಸ್ಕ್‌ಗೆ ಹಾಕುತ್ತೇನೆ. ಹಾಕಿದ ಮೇಲೆ ಅಲ್ಲಿಂದಲೇ ಯಾವುದಾದರೂ ಎರಡು ಫೋಟೋ ತೆರೆದು ನೋಡುತ್ತೇನೆ. ತೆರೆದುಕೊಂಡರೆ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಡುತ್ತೇನೆ.

ನಮಸ್ಕಾರ.